ಕೇಸ್ ಶೀಟ್ ಕೇಳಿದರೆ ಕೊಡಲೇಬೇಕೆ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನರ್ಸಿಂಗ್ ಹೋಂ ನಡೆಸುವ ಶಸ್ತ್ರವೈದ್ಯರಿಗೆ ಜಿಲ್ಲಾ ಗ್ರಾಹಕರ ಆಯೋಗದ ನೋಟಿಸ್ ಬಂದಿದೆ, ಶಸ್ತ್ರಚಿಕಿತ್ಸೆಯ ಬಳಿಕ ಸೋಂಕು ತಗುಲಿದ ರೋಗಿಯ ಮಗ ಕೇಸ್ ಶೀಟಿನ ಪ್ರತಿಯನ್ನೂ ಕೇಳಿದ್ದಾರೆ.

ಉತ್ತರ: ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ರೋಗಿ ಅಥವಾ ಆತನಿಂದ ಅಧಿಕಾರ ಪಡೆದವರು ಕೇಳಿದ ದಾಖಲೆಗಳನ್ನು 72 ಗಂಟೆಗಳೊಳಗೆ ಒದಗಿಸಬೇಕಾದ್ದರಿಂದ, ಮಗನಿಂದ ರೋಗಿಯ ಅಧಿಕಾರಪತ್ರ ಪಡೆದು, ಪ್ರತಿ ಕೊಟ್ಟು, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳತಕ್ಕದ್ದು. ರಾತ್ರಿ ಪಾಳಿಯ ಜ್ವರದ ಅಂಕಣ ಖಾಲಿ ಉಳಿದಿದೆಯೆಂದು ಅದನ್ನು ಈಗ ಬೇರೆ ಪೆನ್ನಿನಲ್ಲಿ ತುಂಬುವ ಯೋಚನೆಯಿದ್ದರೆ ತಾವು ಅದನ್ನು ಕೈಬಿಡಬೇಕು; ಇಂಥ ಮೊಕದ್ದಮೆಗಳಲ್ಲಿ ವೈದ್ಯರಿಗೆ ಸೋಂಕಿಗಿಂತ ದುಬಾರಿಯಾಗುವುದು ಈ ತಿದ್ದುಪಡಿಯೇ. ಹೇಳಲೇಬೇಕಾದದ್ದನ್ನು ಇಂದಿನ ದಿನಾಂಕ, ಸಹಿಯೊಡನೆ ಪ್ರತ್ಯೇಕ ಟಿಪ್ಪಣಿಯಾಗಿ ಬರೆಯಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಲಿಖಿತ ಉತ್ತರಕ್ಕೆ 30 ದಿನಗಳು, ಆಯೋಗ ಒಪ್ಪಿದರೆ ಮತ್ತೆ 15 ದಿನಗಳು ಮಾತ್ರ ಇದ್ದು, ಹಳೆಯ ಕಾಯ್ದೆಯ ಇಂಥದೇ ನಿಯಮದ ಗಡುವನ್ನು ಮೀರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪಿತ್ತಿರುವುದರಿಂದ, ಈ ವಾರವೇ ಗ್ರಾಹಕ ಮೊಕದ್ದಮೆಗಳಲ್ಲಿ ನುರಿತ ವಕೀಲರನ್ನು ಕಾಣುವುದು, ವೃತ್ತಿ ಹೊಣೆಗಾರಿಕೆ ವಿಮೆ, ಅಂದರೆ ಚಿಕಿತ್ಸಾ ಲೋಪದ ಪರಿಹಾರವನ್ನು ಭರಿಸುವ ಪಾಲಿಸಿ, ಇದ್ದಲ್ಲಿ ಕಂಪನಿಗೆ ಬರವಣಿಗೆಯಲ್ಲಿ ತಿಳಿಸುವುದು ಅಗತ್ಯ. ರಾಜಿಗೆ ಮನಸ್ಸಿದ್ದರೆ ಆಯೋಗದ ಮೂಲಕವೇ ಮಧ್ಯಸ್ಥಿಕೆ ಕೋರಬಹುದು. ಪೊಲೀಸ್ ಠಾಣೆಯಿಂದ ಕರೆ ಬಂದಲ್ಲಿ ಹೇಳಿಕೆಗೆ ಮೊದಲೇ ಕ್ರಿಮಿನಲ್ ವಕೀಲರ ಸಲಹೆ ಪಡೆಯಬೇಕು.