ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ

ಮಳೆ ಜೋರಾಗಿ ರಜೆ ಸಿಕ್ಕರೆ ಈಗಲೂ ಕೆಲವು ಶಾಲೆಗಳು ಮೊಬೈಲಿನಲ್ಲೇ ಪಾಠ ಶುರು ಮಾಡುತ್ತವೆ. ಆಗ ಅಪ್ಪ ಅಮ್ಮಂದಿರದು ಒಂದು ಹಳೇ ಚಾಳಿ. ಟೀಚರ್ ಪ್ರಶ್ನೆ ಕೇಳಿದ್ದೇ ತಡ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತು "ಐವತ್ತಾರು ಅನ್ನು, ಐವತ್ತಾರು" ಎಂದು ಪಿಸುಗುಟ್ಟುವುದು. ಮಗು ಐವತ್ತಾರು ಅನ್ನುತ್ತದೆ, ಟೀಚರ್ ವೆರಿ ಗುಡ್ ಅನ್ನುತ್ತಾರೆ. ಮಗುವಿಗೆ ಏಳರ ಮಗ್ಗಿಯೇ ಬರುವುದಿಲ್ಲ ಎಂಬುದು ಪರೀಕ್ಷೆಯವರೆಗೂ ಬಯಲಾಗುವುದಿಲ್ಲ.

ದಯವಿಟ್ಟು ಬಾಯಿ ಬಿಗಿಹಿಡಿಯಿರಿ. ತಪ್ಪು ಹೇಳಲಿ ಬಿಡಿ. ತಪ್ಪು ಕಿವಿಗೆ ಬಿದ್ದರೆ ತಾನೇ ಟೀಚರ್ ತಿದ್ದುವುದು? ನೀವು ಒಗ್ಗರಣೆ ಹಾಕುತ್ತಾ ಒಂದು ಕಿವಿ ಅತ್ತ ಇಟ್ಟಿದ್ದರೆ ಸಾಕು. ಮಿಕ್ಸಿ ಮಾತ್ರ ಆಮೇಲೆ ತಿರುಗಿಸಿ!

ಇನ್ನು ಹೊತ್ತಿನ ವಿಚಾರ. 2020ರ ಜುಲೈನಲ್ಲಿ ಬಂದ ಕೇಂದ್ರ ಸರ್ಕಾರದ 'ಪ್ರಜ್ಞಾತಾ' ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಪಾಠ ಸಾಕು ಎಂದಿತ್ತು. ಪಾಠ ಮುಗಿದ ಮೇಲೆ ಅದೇ ಮೊಬೈಲಿನ ಮುಂದೆ ಟ್ಯೂಷನ್ನಿಗೂ ಕೂರಿಸುವವರಿದ್ದಾರೆ. ಅದು ಅತಿಯಾಯಿತು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡುವುದು ಕಣ್ಣಿನ ವೈದ್ಯರು ಹೇಳುವ ಲೆಕ್ಕ. ಕಿಟಕಿಯಾಚೆಯ ತೆಂಗಿನಮರ ಅದಕ್ಕೆ ಧಾರಾಳ ಸಾಕು.

ಮನೆಯಲ್ಲಿರುವುದು ಒಂದೇ ಫೋನಾದರೆ ಅದು ಯಾವಾಗಲೂ ಮಗನ ಕೈಗೇ ಹೋಗದಿರಲಿ. ಮಗಳಿಗೂ ಪಾಠವಿದೆ.

ಮಗು ಮಂಕಾಗಿ, ಊಟ ಸೇರದೆ, ಕ್ಯಾಮೆರಾ ಆಫ್ ಮಾಡಿ ಕೂತಿದ್ದರೆ ಸೋಮಾರಿ ಎಂದು ಬೈಯಬೇಡಿ. ಅದರ ಗೆಳೆಯನಿಗೋ ಗೆಳತಿಗೋ ಒಂದು ಫೋನ್ ಹಚ್ಚಿ ಕೊಟ್ಟು, ನೀವು ಆ ಕೋಣೆಯಿಂದ ಎದ್ದು ಹೋಗಿ.