ಹಾಡಿಗೆ ಆಸ್ಪತ್ರೆ ಕೇಳುವ ಹಕ್ಕು

ಕಾಡಿನ ನಡುವಿನ ಹಾಡಿಗೆ 108 ಆಂಬುಲೆನ್ಸ್ ಏಕೆ ಬರುವುದಿಲ್ಲ ಎಂದು ಕೇಳಿದರೆ ರಸ್ತೆ ಇಲ್ಲ ಎನ್ನುತ್ತಾರೆ. ರಸ್ತೆ ಏಕಿಲ್ಲ ಎಂದರೆ ಅದು ಅರಣ್ಯದ ಜಾಗ, ಕಾನೂನು ಒಪ್ಪುವುದಿಲ್ಲ ಎನ್ನುತ್ತಾರೆ. ಈ ಉತ್ತರ ಕೇಳಿ ಅರ್ಜಿ ಮಡಚಿಕೊಂಡು ಹಿಂದಿರುಗಿದವರು ನಮ್ಮ ಗಿರಿಜನರಲ್ಲಿ ಬಹಳ ಮಂದಿ. ಕಾನೂನಿನಲ್ಲಿ ಇರುವುದು ಮಾತ್ರ ಬೇರೆ. ಅರಣ್ಯ ಹಕ್ಕು ಕಾಯ್ದೆ ಎಂದು ನಾವು ಕರೆಯುವ 2006ರ ಕಾಯ್ದೆಯ 3(2)ನೇ ಕಲಂ, ಅರಣ್ಯವಾಸಿಗಳ ಊರಿಗೆ ಬೇಕಾದ ಹದಿಮೂರು ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆ ಪಟ್ಟಿಯಲ್ಲಿ ಆಸ್ಪತ್ರೆ ಇದೆ, ಔಷಧಾಲಯ ಇದೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಮಾರ್ಗ, ರಸ್ತೆ ಎಲ್ಲವೂ ಇವೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದಕ್ಕೆ ಅಡ್ಡ ಬರುವಂತಿಲ್ಲ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳು ಕೂಡ ಈ ಕಾಯ್ದೆ ಹೇಳುವ ‘ಅರಣ್ಯ ಭೂಮಿ’ಯ ವ್ಯಾಖ್ಯೆಯೊಳಗೇ ಸೇರಿವೆ.

ಷರತ್ತುಗಳು ಕೆಲವೇ. ಒಂದೊಂದು ಕಾಮಗಾರಿಗೂ ಬೇಕಾಗುವ ಜಾಗ ಒಂದು ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಕಾಮಗಾರಿಯನ್ನು ಗ್ರಾಮಸಭೆ ಶಿಫಾರಸು ಮಾಡಿರಬೇಕು. ನಾಲ್ಕು ಮೀಟರ್ ಅಗಲದ ರಸ್ತೆಯಾದರೆ ಈ ಮಿತಿಯೊಳಗೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ಹಾಕಬಹುದು. ಎಷ್ಟೋ ಹಾಡಿಗಳಿಗೆ ಅಷ್ಟಾದರೆ ಸಾಕು, ಬಸುರಿ ಹೆಂಗಸನ್ನು ಡೋಲಿಯಲ್ಲಿ ಹೊರುವುದು ತಪ್ಪುತ್ತದೆ. ಹಾಗಾಗಿ ಈ ಕಾಯ್ದೆಯನ್ನು ಬರೀ ಜಮೀನಿನ ಹಕ್ಕುಪತ್ರದ ಕಾಯ್ದೆಯೆಂದು ನೋಡಿದರೆ ಸಾಲದು. ಕಾಡಿನ ಜನರ ಪಾಲಿಗೆ ಅದು ಆರೋಗ್ಯದ ಕಾಯ್ದೆಯೂ ಹೌದು.

ಊರಿನ ಜನರೇ ಸಭೆ ಸೇರಿ ತಮಗೆ ಯಾವ ಸೇವೆ ಬೇಕೆಂದು ತೀರ್ಮಾನಿಸಬೇಕು ಎಂಬ ವಿಚಾರ ಜಗತ್ತಿನ ಕಾನೂನಿನಲ್ಲಿ ಬೇರೂರಲು ಹಲವು ದಶಕಗಳೇ ಹಿಡಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1957ರಲ್ಲಿ 107ನೇ ಸಂಖ್ಯೆಯ ಒಡಂಬಡಿಕೆ ರೂಪಿಸಿತು. ಆದಿವಾಸಿಗಳಿಗೆ ಸಾಕಷ್ಟು ಆರೋಗ್ಯ ಸೇವೆ ಕೊಡುವ ಹೊಣೆ ಸರ್ಕಾರದ್ದು, ಅವರ ಸಾಮಾಜಿಕ ಮತ್ತು ಸಾಂಸ್ಕೃತಿಕ ಸ್ಥಿತಿಯನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿ ಆ ಸೇವೆಯನ್ನು ಕಟ್ಟಬೇಕು ಎಂದು ಅದರ 20ನೇ ವಿಧಿ ಹೇಳುತ್ತದೆ. ಭಾರತ 1958ರಲ್ಲೇ ಇದನ್ನು ಒಪ್ಪಿ ಸಹಿ ಹಾಕಿದೆ. ಆದರೆ ಆ ಒಡಂಬಡಿಕೆಯ ಧೋರಣೆ ಹಳೆಯದು. ಆದಿವಾಸಿಗಳು ಕ್ರಮೇಣ ಉಳಿದ ಸಮಾಜದೊಳಗೆ ಕರಗಿಹೋಗುತ್ತಾರೆ, ಹೋಗಬೇಕು ಎಂಬ ಎಣಿಕೆ ಅದರಲ್ಲಿತ್ತು.

1989ರ 169ನೇ ಒಡಂಬಡಿಕೆ ಆ ಎಣಿಕೆಯನ್ನು ಕೈಬಿಟ್ಟಿತು. ಅದರ 25ನೇ ವಿಧಿಯನ್ನು ಪ್ರತಿಯೊಬ್ಬ ಆರೋಗ್ಯಾಧಿಕಾರಿಯೂ ಓದಬೇಕು. ಸೇವೆಯನ್ನು ಸಮುದಾಯದ ನೆಲೆಯಲ್ಲೇ ಕೊಡಬೇಕು, ಅದರ ಯೋಜನೆ ಮತ್ತು ಆಡಳಿತದಲ್ಲಿ ಆ ಜನ ಪಾಲುಗೊಳ್ಳಬೇಕು, ಅವರ ಪಾರಂಪರಿಕ ಚಿಕಿತ್ಸೆ ಮತ್ತು ಔಷಧಗಳನ್ನು ಗಣನೆಗೆ ತೆಗೆದುಕೊಳ್ಳಬೇಕು, ಅವರಲ್ಲಿಯೇ ಆರೋಗ್ಯ ಕಾರ್ಯಕರ್ತರನ್ನು ತಯಾರು ಮಾಡಿ ಕೆಲಸಕ್ಕೆ ತೆಗೆದುಕೊಳ್ಳಲು ಆದ್ಯತೆ ಕೊಡಬೇಕು ಎನ್ನುತ್ತದೆ ಅದು. ಭಾರತ ಇದಕ್ಕೆ ಸಹಿ ಹಾಕಿಲ್ಲ. ದಕ್ಷಿಣ ಏಷ್ಯಾದಲ್ಲಿ ಸಹಿ ಹಾಕಿದ ದೇಶ ನೇಪಾಳ ಒಂದೇ. ನಮ್ಮ ಸರ್ಕಾರ ಈ ವಿಷಯದಲ್ಲಿ ಇನ್ನೂ ಹಿಂಜರಿಯುತ್ತಿರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಈ ಮಾತುಗಳು ಆಚರಣೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ 1994ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡ ಪೆರು ದೇಶದ ಉದಾಹರಣೆ ನೋಡಬಹುದು. ಅಲ್ಲಿನ ಅಯಾಕುಚೊ ಪ್ರಾಂತ್ಯದ ಬೆಟ್ಟಗಳಲ್ಲಿ ಕೆಚುವಾ ಭಾಷೆ ಆಡುವ ಮೂಲನಿವಾಸಿಗಳಿದ್ದಾರೆ. ಅಲ್ಲಿಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರುತ್ತಿರಲಿಲ್ಲ. ಅಂಗಾತ ಮಲಗಿಸುವುದು, ಗಂಡನನ್ನೂ ತಾಯಿಯನ್ನೂ ಹೊರಗೆ ನಿಲ್ಲಿಸುವುದು, ಗೊತ್ತಿಲ್ಲದ ಭಾಷೆಯಲ್ಲಿ ಗದರುವುದು, ಇದ್ಯಾವುದೂ ಅವರಿಗೆ ಸಹ್ಯವಾಗಿರಲಿಲ್ಲ. ಸಾಂಟಿಲ್ಲಾನ ಎಂಬ ಜಿಲ್ಲೆಯ ಆರೋಗ್ಯ ಕೇಂದ್ರದವರು ಆ ಹೆಂಗಸರನ್ನೂ ಸೂಲಗಿತ್ತಿಯರನ್ನೂ ಕೂರಿಸಿಕೊಂಡು ಮಾತಾಡಿ ಹೆರಿಗೆ ಕೋಣೆಯನ್ನೇ ಬದಲಿಸಿದರು. ಕುಳಿತು ಹೆರಲು ಒಂದು ಪೀಠ ಇಟ್ಟರು, ಹಿಡಿದುಕೊಳ್ಳಲು ಹಗ್ಗ ಇಳಿಬಿಟ್ಟರು, ಮನೆಯವರನ್ನು ಒಳಗೆ ಬಿಟ್ಟರು, ಕೆಚುವಾದಲ್ಲೇ ಮಾತಾಡಿದರು. 1999ರಲ್ಲಿ ಅಲ್ಲಿ ನೂರಕ್ಕೆ 6 ಹೆರಿಗೆಗಳು ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. 2007ರ ಹೊತ್ತಿಗೆ ಅದು 83ಕ್ಕೆ ಏರಿತು. ಕುಳಿತು ಹೆರುವ ಪದ್ಧತಿಗೆ 2005ರಲ್ಲಿ ಪೆರು ಸರ್ಕಾರವೇ ರಾಷ್ಟ್ರಮಟ್ಟದ ನಿಯಮ ಮಾಡಿತು. ಆಸ್ಪತ್ರೆಗೆ ಬಾರದವರನ್ನು ಮೂಢರೆಂದು ಬೈಯುವ ನಮ್ಮ ಸಿಬ್ಬಂದಿಗೆ ಇದನ್ನು ತಿಳಿಸಬೇಕು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ ಮತ ಹಾಕಿದ 144 ದೇಶಗಳಲ್ಲಿ ಭಾರತವೂ ಒಂದು. ಸ್ವಾತಂತ್ರ್ಯಾನಂತರ ಭಾರತದ ಎಲ್ಲ ಪ್ರಜೆಗಳೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ವಾದ. ಹಾಗೆಂದು ಘೋಷಣೆ ನಮ್ಮ ಬುಡಕಟ್ಟುಗಳಿಗೆ ನಿಷ್ಪ್ರಯೋಜಕವಾಗುವುದಿಲ್ಲ. ಅದರ 23ನೇ ವಿಧಿ ಆರೋಗ್ಯ ಕಾರ್ಯಕ್ರಮಗಳನ್ನು ರೂಪಿಸುವುದರಲ್ಲಿ ಪಾಲ್ಗೊಳ್ಳುವ ಹಕ್ಕು ಕೊಡುತ್ತದೆ. 24ನೇ ವಿಧಿ ಎರಡು ಮಾತು ಹೇಳುತ್ತದೆ. ತಮ್ಮ ಔಷಧ ಪದ್ಧತಿಯನ್ನೂ ಔಷಧಿ ಗಿಡಮೂಲಿಕೆಗಳನ್ನೂ ಉಳಿಸಿಕೊಳ್ಳುವ ಹಕ್ಕು ಅವರಿಗಿದೆ, ಯಾವ ತಾರತಮ್ಯವೂ ಇಲ್ಲದೆ ಎಲ್ಲ ಆರೋಗ್ಯ ಸೇವೆ ಪಡೆಯುವ ಹಕ್ಕೂ ಇದೆ. ನಾಟಿ ಮದ್ದು ಬಲ್ಲವರಿಗೆ ವೈದ್ಯರೇಕೆ ಎಂದು ಯಾರೂ ಕೇಳುವಂತಿಲ್ಲ. ಎರಡೂ ಅವರ ಹಕ್ಕುಗಳೇ.

ಘೋಷಣೆಗಿಂತ ಗಟ್ಟಿಯಾದದ್ದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ. ಭಾರತ 1979ರಲ್ಲಿ ಇದಕ್ಕೆ ಸೇರಿತು, ಇದಕ್ಕೆ ನಾವು ಬದ್ಧರು. ಇದರ 12ನೇ ವಿಧಿಯನ್ನು ವಿವರಿಸಿ ವಿಶ್ವಸಂಸ್ಥೆಯ ಸಮಿತಿ 2000ದಲ್ಲಿ ಕೊಟ್ಟ ವ್ಯಾಖ್ಯಾನದಲ್ಲಿ ಮೂಲನಿವಾಸಿಗಳ ಬಗ್ಗೆಯೇ ಒಂದು ಭಾಗವಿದೆ. ಇಷ್ಟವಿಲ್ಲದವರನ್ನು ಅವರ ನೆಲದಿಂದ ಎಬ್ಬಿಸಿದರೆ ಅವರ ಆರೋಗ್ಯವೇ ಕೆಡುತ್ತದೆ ಎಂದು ಅದು ಎಚ್ಚರಿಸುತ್ತದೆ.

ಅಂತರರಾಷ್ಟ್ರೀಯ ಒಪ್ಪಂದ ಹಿಡಿದು ತಹಶೀಲ್ದಾರರ ಕಚೇರಿಗೆ ಹೋದರೆ ಕೆಲಸ ಆದೀತೇ? ನೇರವಾಗಿ ಆಗದು. ಆದರೆ ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸಬೇಕೆಂದು ಸಂವಿಧಾನದ 51ನೇ ವಿಧಿಯೇ ಹೇಳಿದೆ, ನಮ್ಮ ಕಾನೂನನ್ನು ಅರ್ಥೈಸುವಾಗ ನ್ಯಾಯಾಲಯಗಳು ಈ ಒಪ್ಪಂದಗಳನ್ನು ಬಳಸಿವೆ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪು ಮೇಲಿನ ಎರಡೂ ಒಡಂಬಡಿಕೆಗಳನ್ನೂ ವಿಶ್ವಸಂಸ್ಥೆಯ ಘೋಷಣೆಯನ್ನೂ ಉಲ್ಲೇಖಿಸಿ, ತೀರ್ಮಾನವನ್ನು ಗ್ರಾಮಸಭೆಗಳಿಗೆ ಬಿಟ್ಟಿತು. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಗಣಿ ಬೇಡವೆಂದವು. ಆರೋಗ್ಯದ ವಿಷಯದಲ್ಲಿ ನೆನಪಿಡಬೇಕಾದ್ದು 1996ರ ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿ ಪ್ರಕರಣ. ರೈಲಿನಿಂದ ಬಿದ್ದ ಕೂಲಿಯೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲವೆಂದು ವಾಪಸ್ ಕಳಿಸಿದ್ದವು. ತುರ್ತು ಚಿಕಿತ್ಸೆ ನಿರಾಕರಿಸುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬ ನೆಪ ನಡೆಯದು ಎಂದು ನ್ಯಾಯಾಲಯ ಹೇಳಿತು.

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶ ಒಂದೂ ಇಲ್ಲ. ಹಾಗಾಗಿ ಒಡಿಶಾ, ಜಾರ್ಖಂಡ್‌ಗಳ ಆದಿವಾಸಿ ಗ್ರಾಮಸಭೆಗಳಿಗೆ ಅಂಥ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯನ್ನು ವಿಸ್ತರಿಸಿದ ಪೆಸಾ ಕಾಯ್ದೆಯಿಂದ ಸಿಗುವ ಬಲ ನಮ್ಮ ಸೋಲಿಗ, ಜೇನುಕುರುಬ, ಕೊರಗ, ಹಸಲರಿಗೆ ಸಿಗುವುದಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಯೇ. ಅದು ಇಡೀ ಗ್ರಾಮ ಪಂಚಾಯಿತಿಯ ದೊಡ್ಡ ಸಭೆಯಲ್ಲ, ನಿಮ್ಮ ಹಾಡಿಯ ಅಥವಾ ಪೋಡಿನ ವಯಸ್ಕರೆಲ್ಲ ಸೇರುವ ಸಭೆ. ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ರಸ್ತೆಯೋ ಆರೋಗ್ಯ ಉಪಕೇಂದ್ರದ ಕಟ್ಟಡವೋ ಬೇಕಾದರೆ, ಇಂಥ ಜಾಗದಲ್ಲಿ ಇಂಥದ್ದು 3(2)ನೇ ಕಲಂ ಪ್ರಕಾರ ಬೇಕು ಎಂದು ಠರಾವು ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ. ಕಾಮಗಾರಿ ಮಾಡುವ ಇಲಾಖೆಯ ಪ್ರಸ್ತಾವದ ಜೊತೆ ಅದು ವಲಯ ಅರಣ್ಯಾಧಿಕಾರಿಗೆ, ಅವರಿಂದ ವಿಭಾಗೀಯ ಅರಣ್ಯಾಧಿಕಾರಿಗೆ (ಡಿಎಫ್‌ಒ) ಹೋಗುತ್ತದೆ. ಡಿಎಫ್‌ಒ ಒಪ್ಪದಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿ ತೀರ್ಮಾನಿಸಬೇಕು. ಒಂದು ನಕಲು ನಿಮ್ಮ ಬಳಿ ಇರಲಿ, ಸ್ವೀಕೃತಿ ಮೊಹರು ಇಲ್ಲದೆ ಯಾವ ಕಾಗದವನ್ನೂ ಕೊಡಬೇಡಿ.

ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಗೆ ಕಳಿಸುವ ಮಾತು ಬಂದರೆ 4(2)ನೇ ಕಲಂ ನೆನಪಿರಲಿ. ಗ್ರಾಮಸಭೆಯ ಮುಕ್ತ, ತಿಳಿವಳಿಕೆಯುಳ್ಳ ಒಪ್ಪಿಗೆ ಲಿಖಿತವಾಗಿ ಇರಬೇಕು. ಹೊಸ ಜಾಗದಲ್ಲಿ ಭೂಮಿ ಹಂಚಿಕೆ, ಸೌಲಭ್ಯಗಳು ಪೂರ್ತಿಯಾಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದು ದೇಶಕ್ಕೇ ಮೊದಲಿಗರಾದರು. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಪೋಡಿನ ಜನರ ನಡುವೆ ಇದ್ದುಕೊಂಡೇ ಆರೋಗ್ಯ ಸೇವೆ ಕೊಡಬಹುದೆಂದು ತೋರಿಸಿದೆ.

ಸೌಲಭ್ಯಗಳ ಅಳತೆಗೋಲು ಗೊತ್ತಿದ್ದರೆ ಅಧಿಕಾರಿಗಳ ಜೊತೆ ಮಾತಾಡಲು ಧೈರ್ಯ ಬರುತ್ತದೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಇರಬೇಕು. ಉಪಕೇಂದ್ರ 5,000ಕ್ಕೆ ಬದಲು 3,000 ಜನಕ್ಕೆ ಒಂದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಸಹಿತ, ಪೂರ್ತಿ ಉಚಿತ. ಔಷಧಿ, ರಕ್ತ, ಪರೀಕ್ಷೆ, ಊಟ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ವಾಹನ, ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸೇರಿವೆ. ಒಂದು ವರ್ಷದೊಳಗಿನ ಮಗುವಿನ ಕಾಯಿಲೆಗೂ ಇದು ಅನ್ವಯ. ಹೆರಿಗೆ ವಾರ್ಡಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಅದು ಲಂಚ. ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನೆಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಶುರುವಾಗಿದೆ. 40 ವರ್ಷದವರೆಗಿನವರಿಗೆ ರಕ್ತ ಪರೀಕ್ಷೆ ಮಾಡಿಸುವುದು ಅದರ ಗುರಿ. ನಿಮ್ಮ ಹಾಡಿಯಲ್ಲಿ ಆಗಿಲ್ಲವಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೇಳಿ.

ಒಪ್ಪಿಗೆಯ ವಿಷಯದಲ್ಲಿ ನಾವೆಲ್ಲ ಹುಷಾರಾಗಿರಬೇಕು. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನವೊಂದು ನಡೆಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಆಶ್ರಮ ಶಾಲೆ, ಹಾಸ್ಟೆಲ್‌ಗಳ ಬುಡಕಟ್ಟು ಹುಡುಗಿಯರು ಅನೇಕರಿದ್ದರು. ಎಷ್ಟೋ ಕಡೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಾಯ್ತಂದೆಗೆ ಅವರ ಭಾಷೆಯಲ್ಲಿ ವಿವರಿಸಿ ಕೇಳಿದಿರಾ ಎಂಬುದು ಪ್ರಶ್ನೆ. ಶಸ್ತ್ರಚಿಕಿತ್ಸೆಯಾಗಲಿ, ಸಂತಾನಹರಣವಾಗಲಿ, ಸಂಶೋಧನೆಗೆಂದು ರಕ್ತ ತೆಗೆಯುವುದಾಗಲಿ, ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು.

ಜಾತಿಯ ಕಾರಣಕ್ಕೆ ಆಸ್ಪತ್ರೆ, ಔಷಧಾಲಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದೊಳಗೆ ಬರದಂತೆ ತಡೆದರೆ ಅದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಎಫ್‌ಐಆರ್ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲಿ ಸೇರಿಸಲಾಗಿದೆ. ಮೊದಲು ತನಿಖೆ ಮಾಡ್ತೀವಿ ಎಂದು ಠಾಣೆಯಲ್ಲಿ ಸಾಗಹಾಕಿದರೆ ಈ ತಿದ್ದುಪಡಿಯನ್ನು ತೋರಿಸಿ.

ದೂರಿನ ದಾರಿ ಹತ್ತಿರದಿಂದಲೇ ಶುರುವಾಗಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಜೊತೆಗೆ ಗಿರಿಜನ ಅಭಿವೃದ್ಧಿಯ ಐಟಿಡಿಪಿ ಕಚೇರಿ, ಎಲ್ಲರಿಗೂ ಲಿಖಿತವಾಗಿ ಕೊಡಿ. ವೈದ್ಯರ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ, ಕಳೆದ ಆರು ತಿಂಗಳ ಔಷಧಿ ದಾಸ್ತಾನು ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಪ್ರಾಣಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಅಲ್ಲಿಗೂ ಬಗೆಹರಿಯದಿದ್ದರೆ ಸಂವಿಧಾನದ 338ಎ ವಿಧಿಯಡಿ ರಚನೆಯಾದ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ನೇರ ದೂರು ಕೊಡಬಹುದು. ಅಧಿಕಾರಿಯನ್ನು ಕರೆಸಿ ದಾಖಲೆ ತರಿಸುವಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆಸ್ಪತ್ರೆ ಸೇವೆಯ ತಕರಾರನ್ನು ಖಾಯಂ ಜನತಾ ನ್ಯಾಯಾಲಯದಲ್ಲಿ ಕೋರ್ಟ್ ಶುಲ್ಕವಿಲ್ಲದೆ ಹಾಕಬಹುದು.

ವಕೀಲರಿಗೆ ಕೊಡಲು ಹಣವೆಲ್ಲಿ ಎಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಪಂಗಡದ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಫೋನಿನಲ್ಲಿ ಕೇಳುವುದಾದರೆ 15100ಕ್ಕೆ ಕರೆ ಮಾಡಿ. ಈ ಲೇಖನ ಓದುವವರಲ್ಲಿ ಹಾಡಿಯ ಹತ್ತಿರ ಕೆಲಸ ಮಾಡುವ ಮೇಷ್ಟ್ರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಇದ್ದರೆ ಒಂದು ವಿನಂತಿ. ಮುಂದಿನ ಹಾಡಿ ಸಭೆಯಲ್ಲಿ 3(2)ನೇ ಕಲಮನ್ನು ಗಟ್ಟಿಯಾಗಿ ಓದಿ ಹೇಳಿ, ಠರಾವು ಬರೆಯಲು ಜೊತೆಗೆ ಕೂತುಕೊಳ್ಳಿ.