ಹಗುರ ಸೈಕಲ್‌ಗೆ ಮೊದಲು ಬೇಕಾದ್ದು ಟೈರು

ನಂದಿ ಬೆಟ್ಟ ಹತ್ತುವ ಬೆಂಗಳೂರಿನ ಓದುಗರೊಬ್ಬರಿಗೆ ತಮ್ಮ ಕಾರ್ಬನ್ ರೋಡ್ ಬೈಕನ್ನು ಇನ್ನಷ್ಟು ಹಗುರ ಮಾಡುವಾಸೆ. ರೇಸಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) ವಿಧಿಸಿರುವ ಕನಿಷ್ಠ ತೂಕವೇ 6.8 ಕಿಲೋ, ಅದರ ಹತ್ತಿರವಿರುವ ಸೈಕಲ್ಲಿಗೆ ಗ್ರಾಂ ಲೆಕ್ಕದಲ್ಲಿ ದುಡ್ಡು ಸುರಿಯುವುದು ಬೇಡ.

ಮೊದಲು ಟೈರು ಬದಲಿಸಲಿ. ಫ್ರೇಮಿನಲ್ಲಿ ಜಾಗವಿದ್ದರೆ 25ರ ಬದಲು 28 ಮಿ.ಮೀ., ಗಾಳಿ ತುಸು ಕಡಿಮೆ. ನಮ್ಮ ರಸ್ತೆಗಳಲ್ಲಿ ಸೊಂಟಕ್ಕೆ ಅದೇ ದೊಡ್ಡ ಉಪಕಾರ.

ಹೆಚ್ಚು ಎಚ್ಚರ ಬೇಕಾದದ್ದು ಸೀಟ್‌ಪೋಸ್ಟ್‌ನಲ್ಲಿ. ಅದನ್ನು ಹೊರತೆಗೆದು, ಬೆವರು, ದೂಳು ಒರೆಸಿ, ಗ್ರೀಸಿನ ಬದಲು ಸಣ್ಣ ಮರಳಿನಂಥ ಕಣಗಳಿರುವ ಕಾರ್ಬನ್ ಪೇಸ್ಟ್ ಸವರಬೇಕು. ಆ ಕಣಗಳೇ ಹಿಡಿತ ಕೊಡುವುದರಿಂದ ಬೋಲ್ಟನ್ನು ಅತಿಯಾಗಿ ಬಿಗಿಯಬೇಕಿಲ್ಲ. ಬಿಡಿಭಾಗದ ಮೇಲೆ 5 ಎನ್‌ಎಂ (ನ್ಯೂಟನ್ ಮೀಟರ್) ಎಂದಿದ್ದರೆ ಟಾರ್ಕ್ ರೆಂಚ್ ಅದನ್ನು ದಾಟಬಾರದು. ಕೈಯಂದಾಜಿನಲ್ಲಿ ತಿರುಗಿಸಿದರೆ ಕಾರ್ಬನ್ ಬಿರುಕು ಬಿಟ್ಟೀತು.

ಕೇಬಲ್ ಉಜ್ಜುವ ಕಡೆ ಪಾರದರ್ಶಕ ಪಟ್ಟಿ ಅಂಟಿಸಿದರೆ ಫ್ರೇಮಿನ ಬಣ್ಣ ಉಳಿಯುತ್ತದೆ.